ಗೇಬ್ರಿಯಲ್ ಸಾಹೇಬರ ಹೆಬ್ಬಾತು

ಪುರಂದರನ ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತು ಹೊರಟದ್ದನ್ನು ಕೇಳಿದ ಮನುಷ್ಯ ಅಬುಧಾಬಿಯಲ್ಲೂ ಇರಲಿಲ್ಲ, ಅವನ ಹುಟ್ಟೂರಾದ ಕಾಪುವಿನಲ್ಲೂ ಇರಲಿಲ್ಲ. ಯಾರು ಏನು ಕೇಳಿದರೂ ಅವನಿಗೆ ಗೊತ್ತಿತ್ತು. ಒಮ್ಮೆ ಮುಸಾಫಾದ ಸಿಗ್ನಲಿನಲ್ಲಿ ಪಠಾಣ ಲಾರಿ ಡ್ರೈವರನೊಬ್ಬ ಬಂದರಿಗೆ ದಾರಿ ಕೇಳಿದಾಗ, ಇವನು ಕಾರಿನ ಗಾಜು ಇಳಿಸಿ, ಹಿಂದಿನವರು ಹಾರನ್ ಹೊಡೆಯುತ್ತಿದ್ದರೂ ಲೆಕ್ಕಿಸದೆ, ಕೈಸನ್ನೆ ಸಮೇತ ವಿವರಿಸಿ ಕಳುಹಿಸಿದ್ದ. ಆ ಪಾಪದವನು ಸಮುದ್ರವನ್ನು ಹುಡುಕುತ್ತ ಅಲ್ ಐನ್‌ನ ಮರಳುಗುಡ್ಡದವರೆಗೆ ಹೋಗಿರಬೇಕೆಂದು ಪುರಂದರನ ಹೆಂಡತಿ ಸ್ವರ್ಣಲತಾಳ ಅಂದಾಜು.

ಇಂಥ ಸರ್ವಜ್ಞನಿಗೂ 2013ರ ಮಾರ್ಚ್ ತಿಂಗಳಲ್ಲಿ ಅನ್ನ ಸೇರುತ್ತಿರಲಿಲ್ಲ. ಅವನ ಕಂಪನಿ ತೈಲ ಸ್ಥಾವರಗಳಿಗೆ ಪೈಪು ಜೋಡಿಸುವ ಕಂಪನಿ. ಅಲ್ಲಿ ಬಂದುಹೋಗುವ ನಕ್ಷೆ, ಪತ್ರಗಳಿಗೆ ನಂಬರು ಹಚ್ಚಿ ಜೋಡಿಸಿಡುವುದು ಅವನ ಉದ್ಯೋಗ. ಐದು ಮಂದಿಯನ್ನು ರುವೈಸ್‌ಗೆ ವರ್ಗ ಮಾಡುತ್ತಾರೆಂಬ ಸುದ್ದಿ ಆ ತಿಂಗಳು ಆಫೀಸಿನಲ್ಲಿ ಹಬ್ಬಿತ್ತು. ರುವೈಸ್ ಎಂದರೆ ಇನ್ನೂರ ನಲವತ್ತು ಕಿಲೋಮೀಟರು ಪಶ್ಚಿಮಕ್ಕೆ, ರಿಫೈನರಿಯ ಪಕ್ಕದ ಕಂಪನಿ ಕ್ವಾರ್ಟರ್ಸು. ಮಗಳು ಯಶ್ಮಿತಾ ಹತ್ತನೇ ತರಗತಿಗೆ ಕಾಲಿಡುವವಳು. ಅವಳ ಶಾಲೆ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಇವರ ಫ್ಲ್ಯಾಟಿನ ಹತ್ತಿರ. ಹೆಂಡತಿ ಮಗಳನ್ನು ಇಲ್ಲಿ ಬಿಟ್ಟು ಅವನೊಬ್ಬನೇ ಅಲ್ಲಿ ಇರಬೇಕು. ವಾರಕ್ಕೊಮ್ಮೆ ಸ್ವಂತ ಮನೆಗೆ ಅತಿಥಿಯ ಹಾಗೆ ಬಂದು, ಚಹಾ ಕುಡಿದು ಹೋಗುವ ಬಾಳು ಅವನಿಗೆ ಬೇಡವಾಗಿತ್ತು. ಪಟ್ಟಿಯನ್ನು ಬರೆಯುವವರು ಹೊಸ ಮ್ಯಾನೇಜರ್ ಗೇಬ್ರಿಯಲ್ ಸಾಹೇಬರು.

ಗೇಬ್ರಿಯಲ್ ಕೆನಡಾದವರು. ಐವತ್ತು ದಾಟಿದ, ಬಾಗಿಲಿಗೆ ತಲೆ ತಾಗಿಸದೆ ಒಳಗೆ ಬರಲಾಗದಷ್ಟು ಉದ್ದದ ಮನುಷ್ಯ. ಕೆಲಸದ ವಿಷಯದಲ್ಲಿ ಅವರಿಗೆ ಹೆಚ್ಚು ಮಾತಿಲ್ಲ. ಆದರೆ ಮಧ್ಯಾಹ್ನ ಊಟದ ಮೇಜಿನಲ್ಲಿ ಕೂತರೆ, ತಾವು ಚಿಕ್ಕವರಿದ್ದಾಗ ನೋಡುತ್ತಿದ್ದ ಒಂದು ಟಿವಿ ಕಾರ್ಯಕ್ರಮದ ನೆನಪು ಉಕ್ಕಿ ಬರುತ್ತಿತ್ತು. ಐದೈದು ನಿಮಿಷದ ತುಂಡು ನಗೆನಾಟಕಗಳ ಕಾರ್ಯಕ್ರಮವಂತೆ. ವಾರ್ತೆ ಓದುವವನ ಕುರ್ಚಿ ಒಂದೊಂದೇ ಇಂಚು ಕೆಳಗಿಳಿದು ಕೊನೆಗೆ ಅವನ ಕೂದಲು ಮಾತ್ರ ಸುದ್ದಿ ಓದುತ್ತಿತ್ತಂತೆ. ಇದರಲ್ಲಿ ನಗುವಂಥದ್ದೇನೆಂದು ಮೇಜಿನಲ್ಲಿದ್ದ ಎಷ್ಟೋ ಮಂದಿಗೆ ತಿಳಿಯುತ್ತಿರಲಿಲ್ಲ. ಅದಕ್ಕೆ ಮಂಗಳೂರಿನ ಫೆಲಿಕ್ಸ್ ಇದ್ದ. ಅವನು ಎಚ್ಚಾರ್ ವಿಭಾಗದವನು, ಸಾಹೇಬರ ಹುಬ್ಬು ಮೇಲೇರುವ ಕ್ಷಣವನ್ನು ಬಲ್ಲವನು. ಫೆಲಿಕ್ಸ್ ನಕ್ಕರೆ ಇಡೀ ಮೇಜು ನಗುತ್ತಿತ್ತು. ಫೆಲಿಕ್ಸ್ ನಗದಿದ್ದರೆ ಜೋಕು ಇನ್ನೂ ಮುಗಿದಿಲ್ಲವೆಂದು ತಿಳಿದು ಎಲ್ಲರೂ ಅನ್ನ ಕಲಸುತ್ತಿದ್ದರು.

ಅಲ್ಲಿ ಶುಕ್ರವಾರ ರಜೆ, ಭಾನುವಾರ ಕೆಲಸದ ದಿನ. ಅಂಥ ಒಂದು ಭಾನುವಾರ ಸಾಹೇಬರು ಹೆಬ್ಬಾತಿನ ಕಥೆ ತೆಗೆದರು.

“ಒಬ್ಬ ಮನುಷ್ಯ ಜೀವಂತ ಹೆಬ್ಬಾತನ್ನು ಕಂಕುಳಲ್ಲಿ ಇರುಕಿಕೊಂಡು ಪೋಸ್ಟಾಫೀಸಿಗೆ ಬರುತ್ತಾನೆ. ಅದಕ್ಕೆ ಸ್ಟಾಂಪು ಅಂಟಿಸಿ ತಂಗಿಗೆ ಕಳುಹಿಸಬೇಕಂತೆ. ಗುಮಾಸ್ತ ಬಹಳ ಗಂಭೀರ ಮನುಷ್ಯ. ‘ಒಡೆಯುವ ವಸ್ತುವೋ?’ ಅಂತ ಕೇಳುತ್ತಾನೆ. ಹೆಬ್ಬಾತು ಅವನನ್ನು ಕಚ್ಚುತ್ತದೆ. ನನ್ನಪ್ಪ ನಕ್ಕೂ ನಕ್ಕೂ ಕುರ್ಚಿಯಿಂದ ಬಿದ್ದರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಷ್ಟರಲ್ಲಿ ಹಿಮ ಬಿದ್ದು ಕರೆಂಟು ಹೋಯಿತು. ಕೊನೆ ಏನಾಯಿತೋ ನಾವಿಬ್ಬರೂ ನೋಡಲಿಲ್ಲ. ಮುಂದೆ ಎಂದೂ ಅದನ್ನು ತೋರಿಸಲೂ ಇಲ್ಲ. ಇಂಟರ್‌ನೆಟ್ಟಿನಲ್ಲೂ ಇಲ್ಲ.”

ಹೆಬ್ಬಾತು ಎಂಬ ಪದ ಕಿವಿಗೆ ಬಿದ್ದದ್ದೇ ಪುರಂದರ ಬೆಚ್ಚಿಬಿದ್ದು, ಮೇಜಿನಡಿ ಕೈಹಾಕಿ ಎಡಗಾಲಿನ ಮೀನಖಂಡವನ್ನು ಉಜ್ಜಿಕೊಂಡ. ಯಾಕೆಂದು ಈಗ ಕೇಳಬೇಡಿ. ಅವನು ಹೇಳುವವನಲ್ಲ. ಅವನು ಬೆಚ್ಚಿದ್ದನ್ನು ಸಾಹೇಬರು ಕಂಡುಬಿಟ್ಟರು.

“ಪುರಂದರ! ನಿನಗೆ ಗೊತ್ತೇ ಅದು?”

“ಗೊತ್ತು ಸರ್” ಎಂದ ಪುರಂದರ. ಕೇಳಿದ್ದಕ್ಕೆ ಹೇಳಿದ, ಅಷ್ಟೆ, ಅಭ್ಯಾಸಬಲ. “ಭಾರೀ ಒಳ್ಳೆಯ ಹೆಬ್ಬಾತು ಸರ್. ನಮ್ಮ ಉಡುಪಿ ಕಡೆ ತುಂಬ ಫೇಮಸ್.”

ನಗಬೇಕೋ ಬೇಡವೋ ಎಂದು ಎಲ್ಲರೂ ಫೆಲಿಕ್ಸ್‌ನ ಮುಖ ನೋಡಿದರು. ಫೆಲಿಕ್ಸ್ ಸಾಹೇಬರ ಮುಖ ನೋಡಿದ. ಸಾಹೇಬರ ಕೈಯ ಸ್ಯಾಂಡ್‌ವಿಚ್ಚು ಅರ್ಧದಲ್ಲೇ ನಿಂತಿತ್ತು.

“ಕೊನೆಯಲ್ಲಿ ಏನಾಗುತ್ತದೆ?”

ಈಗಲಾದರೂ ‘ಮರೆತುಹೋಯಿತು’ ಅಂದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮರೆಯುವುದೂ ಗೊತ್ತಿಲ್ಲದಿರುವುದರ ತಮ್ಮನೇ ಎಂಬುದು ಪುರಂದರನ ಸಿದ್ಧಾಂತ. “ಅದನ್ನು ಬಾಯಲ್ಲಿ ಹೇಳಿದರೆ ಮಜಾ ಇಲ್ಲ ಸರ್. ನೋಡಬೇಕು. ಮನೆಯಲ್ಲಿ ಕ್ಯಾಸೆಟ್ ಉಂಟು” ಎಂದುಬಿಟ್ಟ.

“ಶುಕ್ರವಾರ ಬರಲೇ?” ಎಂದರು ಗೇಬ್ರಿಯಲ್ ಸಾಹೇಬರು, ಹುಡುಗನ ಧ್ವನಿಯಲ್ಲಿ.

ಸುದ್ದಿ ಪುರಂದರನಿಗಿಂತ ಮೊದಲೇ ಅವನ ಮನೆ ತಲುಪಿತ್ತು. ಫೆಲಿಕ್ಸ್ ಅದೇ ಕಟ್ಟಡದ ಮೂರನೇ ಮಹಡಿಯವನು. ಅವನ ಹೆಂಡತಿ ಗ್ರೇಸಿ ಫೋನು ಕೆಳಗಿಟ್ಟವಳೇ ಎರಡನೇ ಮಹಡಿಗೆ ಇಳಿದು ಬಂದಿದ್ದಳು.

“ಎಂಥ ಕ್ಯಾಸೆಟ್ ಮಾರಾಯ್ರೆ?” ಎಂದು ಸ್ವರ್ಣಲತಾ ಬಾಗಿಲಲ್ಲೇ ಹಿಡಿದಳು. “ನಮ್ಮಲ್ಲಿ ಹೆಬ್ಬಾತಿನದ್ದು ಎಲ್ಲಿಂದ ಬಂತು? ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯ್ತಲ್ಲ!”

“ಅಪ್ಪ, ನೀವು ಬಾಸ್ ಹತ್ರ ಲೈ ಮಾಡಿದ್ರಾ? ದಟ್ಸ್ ಸೋ ಎಂಬರಾಸಿಂಗ್!” ಎಂದಳು ಯಶ್ಮಿತಾ, ಲ್ಯಾಪ್‌ಟಾಪಿನಿಂದ ತಲೆಯೆತ್ತದೆ. “ನಾನು ಸರ್ಚ್ ಮಾಡಿದೆ. ದೇರ್ ಈಸ್ ನೋ ಗೂಸ್.”

“ಸುಳ್ಳಲ್ಲ, ಸ್ವಲ್ಪ ಮುಂಚಿತವಾಗಿ ಹೇಳಿದ್ದು” ಎಂದ ಪುರಂದರ.

“ಬೇಡದ ಮಾತು ಬೇಡ. ಈಗ ಅವರಿಗೆ ಸುಳ್ಳು ಅಂತ ಗೊತ್ತಾದರೆ ಪಟ್ಟಿಯಲ್ಲಿ ಮೊದಲ ಹೆಸರು ನಿಮ್ಮದೇ” ಎಂದಳು ಗ್ರೇಸಿ. ಹೆದರಿಸಿದ ಮೇಲೆ ಅವಳಿಗೇ ಪಾಪವೆನಿಸಿ, “ಇರಲಿ, ಶುಕ್ರವಾರ ನಾನು ಸನ್ನಾಸ್ ಮಾಡಿ ತರುತ್ತೇನೆ” ಎಂದು ಸಮಾಧಾನ ಹೇಳಿದಳು. ಅವಳೂ ಬರುವವಳೆಂದು ಪುರಂದರನಿಗೆ ಗೊತ್ತಾದದ್ದು ಹಾಗೆ.

ಎರಡು ದಿನ ಯೋಚಿಸಿ ಪುರಂದರ ಒಂದು ಉಪಾಯ ಕಂಡುಕೊಂಡ. ಹಳೆಯ ವಿಸಿಆರ್‌ಗಳು ಟೇಪು ತಿನ್ನುವುದು ಲೋಕಕ್ಕೇ ತಿಳಿದ ಸಂಗತಿ. ಸಾಹೇಬರ ಎದುರೇ ಒಂದು ಕ್ಯಾಸೆಟ್ ಹಾಕುವುದು, ಎರಡು ನಿಮಿಷದಲ್ಲಿ ಯಂತ್ರ ಅದನ್ನು ಗರಗರನೆ ತಿಂದುಹಾಕುವುದು, ತಾನು ತಲೆಯ ಮೇಲೆ ಕೈಹೊತ್ತು ಕೂರುವುದು, ಸಾಹೇಬರೇ ಬೆನ್ನು ಸವರಿ ಸಮಾಧಾನ ಹೇಳುವುದು, ಬಳಿಕ ಕೋರಿರೊಟ್ಟಿ. ಅತ್ತುಕೊಂಡವನನ್ನು ಯಾರು ರುವೈಸ್‌ಗೆ ಕಳುಹಿಸುತ್ತಾರೆ?

ಬುಧವಾರ ಸಂಜೆ ಅವನು ಕಾರು ಹತ್ತಿ ದುಬೈಯ ನೈಫ್ ಪೇಟೆಗೆ ಹೋದ. ಅಲ್ಲಿ ಉಳ್ಳಾಲದ ಉಮ್ಮರಬ್ಬ ಒಂದು ಕಾಲದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದರು. ಈಗ ಅದೇ ಅಂಗಡಿಯಲ್ಲಿ ಮೊಬೈಲ್ ಕವರುಗಳು ತೂಗಾಡುತ್ತಿದ್ದವು. ಆದರೂ ಹಿಂದಿನ ಕೋಣೆಯಲ್ಲಿ ನಾಲ್ಕು ವಿಸಿಆರ್‌ಗಳನ್ನು ಬಟ್ಟೆ ಹೊದಿಸಿ ಮಲಗಿಸಿದ್ದರು.

“ಸಾಯ್ಬ್ರೇ, ಟೇಪು ತಿನ್ನುವ ಮೆಷೀನು ಯಾವುದಾದರೂ ಉಂಟಾ?”

“ತಿನ್ನುವುದು?” ಉಮ್ಮರಬ್ಬ ಕನ್ನಡಕದ ಮೇಲಿಂದ ನೋಡಿದರು. “ಉಂಟು. ಆ ಕರಿಯದ್ದು ಭಾರೀ ಹಸಿವಿನದ್ದು. ನಿನಗೆ ಎಂಥಕ್ಕೆ?”

“ನಮ್ಮ ಬಾಸು ಮನೆಗೆ ಬರ್ತಾರೆ, ಕ್ಯಾಸೆಟ್ ನೋಡ್ಲಿಕ್ಕೆ. ಆ ಕರಿಯದ್ದೇ ಸಾಕು ನನಗೆ.”

ಪೂರ್ತಿ ವಿಷಯ ಹೇಳಲು ಪುರಂದರನಿಗೆ ಮರ್ಯಾದೆ ಅಡ್ಡ ಬಂತು. ಉಮ್ಮರಬ್ಬರಿಗೆ ಬೇರೆಯೇ ಅರ್ಥವಾಯಿತು. ಪಾಪ, ಒಳ್ಳೆಯದು ಕೇಳಲು ಸಂಕೋಚಪಡುತ್ತಿದ್ದಾನೆ, ಮಾನವಂತ ಹುಡುಗ. ನಲವತ್ತೊಂದರ ಪುರಂದರನೂ ಅವರಿಗೆ ಹುಡುಗನೇ. “ನೀನು ಹೋಗು. ಶುಕ್ರವಾರ ಜುಮ್ಮಾ ಮುಗಿಸಿ ನಾನೇ ತರ್ತೇನೆ. ಟೆನ್ಷನ್ ಮಾಫಿ, ಟೆನ್ಷನ್ನೇ ಬೇಡ, ಖಲಾಸ್” ಎಂದು ಬೆನ್ನು ತಟ್ಟಿ ಕಳುಹಿಸಿದರು.

ಉಳಿದದ್ದು ಬಲಿಪಶು. ಕಪಾಟಿನ ಮೇಲಿನ ಸೂಟ್‌ಕೇಸಿನಲ್ಲಿ ಎರಡೇ ಕ್ಯಾಸೆಟ್ಟುಗಳಿದ್ದವು: ಒಂದು ಪುರಂದರನ ಮದುವೆಯದು, ಇನ್ನೊಂದು ಅವನ ಚಿಕ್ಕಪ್ಪನ ಗೃಹಪ್ರವೇಶದ್ದು. ಮದುವೆಯ ಕ್ಯಾಸೆಟ್ಟನ್ನು ಆ ಮನೆಯಲ್ಲಿ ಯಾರೂ ನೋಡಿದವರಿಲ್ಲ. ಸ್ವರ್ಣಲತಾ ಕೇಳಿದಾಗಲೆಲ್ಲ ಪುರಂದರ “ಪ್ರಿಂಟು ಸರಿಯಿಲ್ಲ” ಎನ್ನುತ್ತಿದ್ದ. ಮೊದಲು “ಮೆಷೀನು ಇಲ್ಲ” ಎನ್ನುತ್ತಿದ್ದವನು, ಮೆಷೀನು ಇದ್ದ ವರ್ಷಗಳಲ್ಲಿ ಮಾತು ಬದಲಿಸಿದ್ದ. ಶುಕ್ರವಾರ ಬೆಳಿಗ್ಗೆ ಅವನು ‘ಗೃಹಪ್ರವೇಶ’ ಎಂದು ಬರೆದಿದ್ದ ಡಬ್ಬಿಯಿಂದ ಕ್ಯಾಸೆಟ್ ತೆಗೆದು ಅಂಗಿಯೊಳಗೆ ಅಡಗಿಸಿಟ್ಟ. ಚಿಕ್ಕಪ್ಪನ ಮನೆಗೆ ಹೇಗೂ ಈಗ ಎರಡನೇ ಸಲ ಸುಣ್ಣಬಣ್ಣ ಆಗಿದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಎರಡು ಗಂಟೆಗೆ ಗೇಬ್ರಿಯಲ್ ಸಾಹೇಬರು ಬಂದರು. ಹೊಸ ಅಂಗಿ, ಕೈಯಲ್ಲಿ ಖರ್ಜೂರದ ಪೊಟ್ಟಣ. ಫೆಲಿಕ್ಸ್ ಮತ್ತು ಗ್ರೇಸಿ ಇಡ್ಲಿಯಂಥ ಸನ್ನಾಸಿನ ಪಾತ್ರೆಯೊಂದಿಗೆ ಅರ್ಧ ಗಂಟೆ ಮೊದಲೇ ಬಂದು ಸೋಫಾದ ಒಳ್ಳೆಯ ಜಾಗ ಹಿಡಿದಿದ್ದರು. ಉಮ್ಮರಬ್ಬ ಅತ್ತರು ಹಚ್ಚಿಕೊಂಡು, ವಿಸಿಆರನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದರು. ಊಟವಾಯಿತು. ಕೋರಿರೊಟ್ಟಿಯ ಖಾರಕ್ಕೆ ಸಾಹೇಬರ ಕಿವಿ ಕೆಂಪಾಯಿತು. ಅವರು ಎರಡನೇ ಸಲವೂ ಹಾಕಿಸಿಕೊಂಡರು.

“ಸರ್, ಮೊದಲೇ ಹೇಳಿಬಿಡುತ್ತೇನೆ” ಎಂದ ಪುರಂದರ, ಕ್ಯಾಸೆಟ್ ತೂರಿಸುವ ಮುನ್ನ. “ನಮ್ಮಲ್ಲಿ ಹಳೆಯ ಕ್ಯಾಸೆಟ್ಟಿನ ಮೇಲೆಯೇ ಮನೆಯ ಕಾರ್ಯಕ್ರಮ ತುಂಬುವ ಪದ್ಧತಿ. ಮೊದಲು ಅದು ಬರುತ್ತದೆ, ಕೊನೆಯಲ್ಲಿ ಹೆಬ್ಬಾತು. ಫಾರ್ವರ್ಡ್ ಮಾತ್ರ ಒತ್ತಬಾರದು. ಒತ್ತಿದರೆ ಟೇಪು ತಿನ್ನುತ್ತದೆ. ಒತ್ತದಿದ್ದರೂ ಕೆಲವು ಸಲ ತಿನ್ನುತ್ತದೆ.” ಹೀಗೆ ಎರಡೂ ಬಾಗಿಲಿಗೆ ಚಿಲಕ ಹಾಕಿ ಅವನು ಗುಂಡಿ ಒತ್ತಿದ.

ಯಂತ್ರ ಬೆಣ್ಣೆಯ ಹಾಗೆ ಓಡಿತು.

“ಹೆಂಗೆ?” ಎಂದರು ಉಮ್ಮರಬ್ಬ, ಪುರಂದರನ ಕಿವಿಯಲ್ಲಿ. “ಹೊಸ ಬೆಲ್ಟು ಹಾಕಿಸಿದೆ. ಹೆಡ್ಡು ಕ್ಲೀನು ಮಾಡಿಸಿದೆ. ಎರಡು ರಾತ್ರಿ ಕೂತಿದ್ದೇನೆ. ನಿನ್ನ ಬಾಸಿನ ಎದುರು ನಿನ್ನ ಮರ್ಯಾದೆ ತೆಗೀಲಿಕ್ಕೆ ನಾನು ಬಿಡ್ತೇನಾ? ಇದು ಇನ್ನು ಹತ್ತು ವರ್ಷ ಒಂದು ಇಂಚೂ ತಿನ್ನುದಿಲ್ಲ.”

ಪುರಂದರ ಧನ್ಯವಾದ ಹೇಳಲು ಬಾಯಿ ತೆರೆದ. ಪರದೆಯ ಮೇಲೆ ಗುಲಾಬಿ ಹೂವೊಂದು ಗರಗರ ತಿರುಗಿ ನಿಂತು, ಅದರ ನಡುವೆ ಎರಡು ಹೆಸರು ಮೂಡಿದವು: ಸ್ವರ್ಣಲತಾ, ಪುರಂದರ. ತೆರೆದ ಬಾಯಿ ಹಾಗೆಯೇ ಉಳಿಯಿತು.

“ಇದು ನಮ್ಮ ಮದುವೆಯದ್ದು!” ಎಂದು ಸ್ವರ್ಣಲತಾ ಅಡುಗೆಮನೆಯಿಂದ ಸೌಟಿನ ಸಮೇತ ಓಡಿಬಂದಳು.

“ಗೃಹಪ್ರವೇಶದ ಡಬ್ಬಿಯಲ್ಲಿ ಇತ್ತಲ್ಲ!” ಎಂದ ಪುರಂದರ, ತುಳುವಿನಲ್ಲಿ.

“ನಾನೇ ಹಾಕಿಟ್ಟದ್ದು. ನೀವು ಯಾವಾಗಲಾದರೂ ಇದನ್ನು ಬಿಸಾಡ್ತೀರಿ ಅಂತ ನನಗೆ ಗೊತ್ತಿರಲಿಲ್ವಾ? ಹಾಗಾದರೆ ನೀವು ಚಿಕ್ಕಪ್ಪನದ್ದು ಅಂತ ತಿಳಿದು... ಓಹೋ!” ಅವಳಿಗೆ ಎಲ್ಲವೂ ಅರ್ಥವಾಯಿತು. ಸೌಟನ್ನು ಗ್ರೇಸಿಯ ಕೈಗೆ ಕೊಟ್ಟು, ಗಂಡನನ್ನು ಸರಿಸಿ, ಟಿವಿಯ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. “ಯಾರೂ ಆಫ್ ಮಾಡಬಾರದು. ಹದಿನಾರು ವರ್ಷ ಆಯ್ತು.”

ಆಮೇಲೆ ನಡೆದದ್ದು ಎರಡು ಗಂಟೆ ನಲವತ್ತು ನಿಮಿಷದ ಮದುವೆ. ಫಾರ್ವರ್ಡ್ ಒತ್ತುವಂತಿಲ್ಲ; ಹಾಗೆಂದು ಘೋಷಿಸಿದವನು ಸ್ವತಃ ವರ. ಇಡೀ ಟೇಪಿನ ಮೇಲೆ ವೀಡಿಯೋದವನು ನಾಗಸ್ವರ ತುಂಬಿಸಿದ್ದರಿಂದ ಯಾರ ಮಾತೂ ಕೇಳಿಸುತ್ತಿರಲಿಲ್ಲ. ಕ್ಯಾಮೆರಾ ಎಲ್ಲ ನೆಂಟರ ಮುಖದ ಮೇಲೂ ಸಾವಕಾಶವಾಗಿ ಹರಿದು, ಊಟದ ಪಂಕ್ತಿಯಲ್ಲಿ ಪ್ರತಿಯೊಂದು ಎಲೆಯ ಮುಂದೆಯೂ ನಿಂತು, ಸಾರು ಬಡಿಸುವವನನ್ನು ಅಡುಗೆಶಾಲೆಯವರೆಗೂ ಹಿಂಬಾಲಿಸಿತು.

“ಈತ ಗುಮಾಸ್ತನೋ?” ಎಂದು ಸಾಹೇಬರು ಕೇಳಿದರು, ಕನ್ನಡಕದ ಗಂಭೀರ ಪುರುಷನೊಬ್ಬ ಕಂಡಾಗ.

“ಅಲ್ಲ ಸರ್, ಸೋದರಮಾವ. ಹೆಬ್ಬಾತು ಇನ್ನೂ ಬಂದಿಲ್ಲ” ಎಂದ ಫೆಲಿಕ್ಸ್. ಅವನಿಗೂ ಏನೂ ಗೊತ್ತಿರಲಿಲ್ಲ. ಆದರೂ ಎಲ್ಲಿ ನಗಬೇಕೋ ತಪ್ಪಿಹೋದೀತೆಂದು ಸಾಹೇಬರ ಹುಬ್ಬಿನಿಂದ ಕಣ್ಣು ಕೀಳದೆ ಕೂತಿದ್ದ.

ಒಂದು ಕಡೆ ಜರಿಸೀರೆಯ ಹೆಂಗಸೊಬ್ಬಳು ಚಪ್ಪರದ ಕಂಬಕ್ಕೆ ಒರಗಿ ನಿಂತು ಕ್ಯಾಮೆರಾ ಕಂಡು ನಾಚಿಕೊಂಡಳು. “ಅಮ್ಮ” ಎಂದಳು ಸ್ವರ್ಣಲತಾ, ಅಷ್ಟೇ. ಆ ತಾಯಿ ತೀರಿಕೊಂಡು ಐದು ವರ್ಷವಾಗಿತ್ತು. ಯಶ್ಮಿತಾ ಫೋನು ಪಕ್ಕಕ್ಕಿಟ್ಟು ಬಂದು ಅಮ್ಮನ ತೋಳಿಗೆ ಒರಗಿ ಕೂತಳು. ಇಷ್ಟು ವರ್ಷ ‘ಪ್ರಿಂಟು ಸರಿಯಿಲ್ಲ’ ಎಂದು ತಾನು ಮುಚ್ಚಿಟ್ಟದ್ದರಲ್ಲಿ ಅತ್ತೆಯೂ ಇದ್ದರೆಂದು ಪುರಂದರನಿಗೆ ಆಗ ಹೊಳೆಯಿತು. ಅವನಿಗೆ ನಾಚಿಕೆಯಾಯಿತು. ನಿಜವಾದ ನಾಚಿಕೆ.

ಆದರೆ ನಾಚಿಕೆಪಡಲು ಹೆಚ್ಚು ಹೊತ್ತು ಉಳಿದಿರಲಿಲ್ಲ. ಹೆಣ್ಣು ಕಳುಹಿಸುವ ಸಮಯ ಬಂದಿತ್ತು. ಪರದೆಯ ಮೇಲೆ ಎಲ್ಲರೂ ಕಣ್ಣೊರೆಸುತ್ತಿದ್ದರು. ಅಂಗಳದಲ್ಲಿ ಹೂವಿನ ಮಾಲೆ ಹಾಕಿದ ಅಂಬಾಸಿಡರ್ ನಿಂತಿತ್ತು. ಪೇಟ ತೊಟ್ಟ ಪುರಂದರ ಗಂಭೀರವಾಗಿ ಕೈಮುಗಿಯುತ್ತಿದ್ದ. ಆಗ, ಪರದೆಯ ಎಡಮೂಲೆಯಿಂದ, ಕತ್ತು ನೀಟಿಕೊಂಡು, ಅದು ಬಂತು.

ಸ್ವರ್ಣಲತಾಳ ತವರಿನಲ್ಲಿ ನಾಯಿಯ ಬದಲು ಹೆಬ್ಬಾತು ಸಾಕಿದ್ದರು. ಕಳ್ಳರಿಗೆ ಅದರಷ್ಟು ದೊಡ್ಡ ಶತ್ರುವಿಲ್ಲ. ಮದುವೆಯ ದಿನ ಹಟ್ಟಿಯಲ್ಲಿ ಕೂಡಿಹಾಕಿದ್ದನ್ನು ಯಾರೋ ಪುಣ್ಯಾತ್ಮರು, ಕಾರ್ಯ ಮುಗಿಯಿತೆಂದು, ಹತ್ತು ನಿಮಿಷ ಮೊದಲೇ ಬಿಟ್ಟಿದ್ದರು. ಮನೆಯ ಹುಡುಗಿಯನ್ನು ಕರೆದೊಯ್ಯಲು ನಿಂತ ಅಪರಿಚಿತನನ್ನು ಕಂಡು ಅದು ತನ್ನ ಕರ್ತವ್ಯವನ್ನು ಮಾಡಿತು. ಎಡಗಾಲಿನ ಮೀನಖಂಡಕ್ಕೆ ಬಾಯಿ ಹಾಕಿತು. ನಾಗಸ್ವರದ ದ್ರುತಗತಿಯಲ್ಲಿ ವರ ಚಪ್ಪರವನ್ನು ಒಂದು ಸುತ್ತು ಓಡಿದ. ಎರಡು ಸುತ್ತು ಓಡಿದ. ಪೇಟ ಬಿತ್ತು. ಮೂರನೇ ಸುತ್ತಿನಲ್ಲಿ ರೇಷ್ಮೆ ಪಂಚೆಯನ್ನು ಎತ್ತಿ ಕಟ್ಟಿ ಅಂಬಾಸಿಡರಿನ ನೆತ್ತಿ ಹತ್ತಿ ಕೂತ. ಕ್ಯಾಮೆರಾದವನು ಒಂದು ಹೆಜ್ಜೆಯನ್ನೂ ಬಿಡದೆ ಹಿಂಬಾಲಿಸಿದ್ದ. ಅಂಥ ನಿಷ್ಠಾವಂತ ಕೆಲಸಗಾರರು ಈಗ ಸಿಗುವುದಿಲ್ಲ.

ಅಬುಧಾಬಿಯ ಆ ಕೋಣೆಯಲ್ಲಿ ಮೊದಲು ಯಾರೂ ನಗಲಿಲ್ಲ. ಸಾಹೇಬರ ಹುಬ್ಬು ಏರಿತ್ತು, ಆದರೆ ಫೆಲಿಕ್ಸ್‌ನಿಗೆ ಜೀವನದಲ್ಲಿ ಮೊದಲ ಬಾರಿ ಧೈರ್ಯ ಸಾಲಲಿಲ್ಲ. ಪರದೆಯ ಮೇಲೆ ಮದುಮಗಳು ಅಳು ನಿಲ್ಲಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಲ್ಲಿಗೆಯ ಜಡೆಯ ಸಮೇತ ಹೋಗಿ ಹೆಬ್ಬಾತನ್ನು ಹಿಡಿದು ಕಂಕುಳಲ್ಲಿ ಇರುಕಿಕೊಂಡಳು. ಪಾರ್ಸೆಲ್ ಮಾಡಲು ಹೊರಟವಳ ಹಾಗೆ ಕಾರಿನ ಬಳಿ ಬಂದು, ಮೇಲೆ ಕೂತ ವರನ ಕಡೆ ಮುಖವೆತ್ತಿ ಏನೋ ಹೇಳಿದಳು.

ಗೇಬ್ರಿಯಲ್ ಸಾಹೇಬರು ಸೋಫಾದಿಂದ ಕೆಳಗೆ ಬಿದ್ದರು. ನಿಜವಾಗಿಯೂ ಬಿದ್ದರು. ಉದ್ದದ ಮನುಷ್ಯನಾದ್ದರಿಂದ ಬೀಳಲು ಹೊತ್ತು ಹಿಡಿಯಿತು. ನೆಲದಲ್ಲಿ ಬಿದ್ದು, ಹೊಟ್ಟೆ ಹಿಡಿದು, ಉಸಿರು ಸಿಗದೆ, ಕೆನಡಾದ ಒಂದು ಹಳೆಯ ಮನೆಯಲ್ಲಿ ಅವರಪ್ಪ ನಕ್ಕಂತೆ ನಕ್ಕರು. ಆಗ ಫೆಲಿಕ್ಸ್ ನಕ್ಕ, ಗ್ರೇಸಿ ನಕ್ಕಳು, ಉಮ್ಮರಬ್ಬ “ಯಾ ಅಲ್ಲಾಹ್” ಎನ್ನುತ್ತ ಟೊಪ್ಪಿ ತೆಗೆದು ಮುಖ ಒರೆಸಿಕೊಂಡರು. ಯಶ್ಮಿತಾ “ಅಪ್ಪ, ಯೂ ಆರ್ ಅ ಲೆಜೆಂಡ್!” ಎಂದು ಕಿರುಚಿದಳು.

“ಆಕೆ... ಆಕೆ ಕೊನೆಯಲ್ಲಿ ಏನು ಹೇಳಿದಳು?” ಎಂದು ಸಾಹೇಬರು ನೆಲದಿಂದಲೇ ಕೇಳಿದರು.

ಸ್ವರ್ಣಲತಾ ಕಣ್ಣೊರೆಸಿಕೊಂಡಳು. “‘ಇಳಿಯಿರಿ, ನಾನಿದ್ದೇನೆ’ ಅಂದೆ.”

ಯಶ್ಮಿತಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಸಾಹೇಬರು ತಲೆಯಾಡಿಸಿದರು, ಬಹಳ ಹೊತ್ತು. “ಒಳ್ಳೆಯ ಕೊನೆ” ಎಂದರು. ಬಳಿಕ ಎದ್ದು ಕೂತು ಪುರಂದರನ ಕಡೆ ತಿರುಗಿದರು. “ಹಾಗಾದರೆ ಆ ಪೋಸ್ಟಾಫೀಸಿನದು?”

ಪುರಂದರ ಹೆಂಡತಿಯ ಮುಖ ನೋಡಿದ. ಪರದೆಯಲ್ಲಿ ಇನ್ನೂ ಕಾರಿನ ಮೇಲೆಯೇ ಕೂತಿದ್ದ ತನ್ನನ್ನೂ ನೋಡಿದ.

“ಗೊತ್ತಿಲ್ಲ ಸರ್” ಎಂದ. “ನಾನು ಅದನ್ನು ನೋಡಿಯೇ ಇಲ್ಲ. ಸುಳ್ಳು ಹೇಳಿದೆ.”

ಸ್ವರ್ಣಲತಾ ಪಕ್ಕದಲ್ಲಿದ್ದ ಮಗಳ ತೋಳು ಹಿಡಿದುಕೊಂಡಳು. ಸುಳ್ಳು ಹೊರಬಿದ್ದದ್ದಕ್ಕಲ್ಲ, ಆ ಪದ ಗಂಡನ ಬಾಯಿಂದ ಬಂದದ್ದಕ್ಕೆ.

“ನನಗೆ ಅವತ್ತೇ ಗೊತ್ತಾಯಿತು” ಎಂದರು ಗೇಬ್ರಿಯಲ್. “ನಮ್ಮೂರಲ್ಲೇ ನೆನಪಿಲ್ಲದ್ದು ಉಡುಪಿಯಲ್ಲಿ ಫೇಮಸ್ ಆಗುವುದು ಹೇಗೆ? ಆದರೆ ಮೂವತ್ತು ವರ್ಷದಿಂದ ನಾನು ಎಷ್ಟು ಜನರನ್ನು ಕೇಳಿದ್ದೇನೆ! ಎಲ್ಲರೂ ಗೊತ್ತಿಲ್ಲ ಅಂದು ಸ್ಯಾಂಡ್‌ವಿಚ್ ತಿನ್ನಲು ಹೋದರು. ಮನೆಯಲ್ಲಿದೆ, ನೋಡಬೇಕು ಅಂದವನು ನೀನೊಬ್ಬನೇ. ನೋಡೋಣ, ಏನು ತೋರಿಸುತ್ತಾನೆ ಅಂತ ಬಂದೆ.”

ಭಾನುವಾರ ಪಟ್ಟಿ ಹೊರಬಿತ್ತು. ಐದು ಹೆಸರುಗಳಲ್ಲಿ ಪುರಂದರನದಿರಲಿಲ್ಲ. ಐವರ ಮೇಲೆ, ಸ್ಥಳದ ಮುಖ್ಯಸ್ಥರಾಗಿ, ಗೇಬ್ರಿಯಲ್ ಸಾಹೇಬರ ಹೆಸರೇ ಇತ್ತು. ಹೊರಡುವ ದಿನ ಅವರು ಪುರಂದರನ ಮೇಜಿನ ಬಳಿ ನಿಂತು, “ರುವೈಸ್‌ನಲ್ಲಿ ಸಂಜೆಗಳು ಬಹಳ ಉದ್ದವಂತೆ. ಆ ಕ್ಯಾಸೆಟ್ಟು ಸ್ವಲ್ಪ ದಿನ ಕೊಡುವೆಯಾ?” ಎಂದರು. ಪುರಂದರ “ಯೆಸ್ ಸರ್” ಎಂದ. ಇಷ್ಟು ವರ್ಷದ ನಾಲಿಗೆ, ಒಂದೇ ಶುಕ್ರವಾರದಲ್ಲಿ ತಿದ್ದೀತೇ?

ಆ ರಾತ್ರಿ ಸ್ವರ್ಣಲತಾ ಅಮ್ಮನನ್ನು ಇನ್ನೊಮ್ಮೆ ನೋಡೋಣವೆಂದು ಡಬ್ಬಿ ತೆರೆದಳು. ಡಬ್ಬಿ ಖಾಲಿ.

“ಕ್ಯಾಸೆಟ್ ಎಲ್ಲಿ?”

“ಗೊತ್ತಿಲ್ಲ” ಎಂದ ಪುರಂದರ. ಹೊಸದಾಗಿ ಕಲಿತ ಮಾತು. ಎಲ್ಲಿ ಬಳಸಬೇಕೆಂಬುದನ್ನು ಅವನಿನ್ನೂ ಕಲಿತಿರಲಿಲ್ಲ.

ಮುಂದಿನ ಶುಕ್ರವಾರ ಬೆಳಿಗ್ಗೆ ಎಂಟಕ್ಕೆ, ಯಾವ ಊರಿಗೆ ಹೋಗಬಾರದೆಂದು ಇಷ್ಟೆಲ್ಲ ನಾಟಕ ಆಡಿದ್ದನೋ ಆ ರುವೈಸ್‌ಗೆ ಪುರಂದರ ಹೆಂಡತಿ ಮಗಳ ಸಮೇತ ಕಾರು ಹೊರಡಿಸಿದ. ಹಿಂದಿನ ಸೀಟಿನಲ್ಲಿ ಉಮ್ಮರಬ್ಬ ಇವರ ಮನೆಯಲ್ಲೇ ಬಿಟ್ಟುಹೋಗಿದ್ದ ವಿಸಿಆರ್ ಇತ್ತು. ಕ್ಯಾಸೆಟ್ಟನ್ನು ವಾಪಸು ತರುವ ಮೊದಲು ಸಾಹೇಬರೊಂದಿಗೆ ಕೂತು ಇನ್ನೊಂದು ಸಲ ಪೂರ್ತಿ ನೋಡುವುದೆಂದು ಸ್ವರ್ಣಲತಾ ತೀರ್ಮಾನಿಸಿದ್ದಳು. ಅವಳ ಮಡಿಲಲ್ಲಿ ನೀರುದೋಸೆಯ ಡಬ್ಬಿ ಬೆಚ್ಚಗಿತ್ತು.

“ದಾರಿ ಗೊತ್ತುಂಟಾ?” ಎಂದು ಅವಳು ಕೇಳಿದಳು.

“ಗೊತ್ತುಂಟು” ಎಂದ ಪುರಂದರ, ಮತ್ತು ಎದೆಯುಬ್ಬಿಸಿ ಪೂರ್ವಕ್ಕೆ, ಅಲ್ ಐನ್ ಕಡೆಗೆ ತಿರುಗಿಸಿದ.